ಹರಿದಾಸ ಮಾಸ್ಟರ್ ಹಾಕಿಕೊಂಡ ಹೆವಿ ಡ್ರೆಸ್ಸು

"ಹರಿದಾಸ ಗಾಳಿಗೆ ಒಂದು ಗುದ್ದು ಹಾಕಿದನೋ, ಪೋರೂರು ಕೆರೆ ನೀರು ಎರಡು ಗೇಣು ಹಿಂದಕ್ಕೆ ಸರೀತಿತ್ತು! ನಾನೇ ನಿಂತು ಅಳತೆ ಮಾಡಿದ್ದೀನಿ," ಎನ್ನುತ್ತ ಹರಿದಾಸನ ಗೆಳೆಯ ಭೋಜರಾಜ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಓಣಿಯಲ್ಲಿ ಇಡುತ್ತಿದ್ದ.

ಸಾವಿನ ಮನೆಯ ಮುಂದೆ ಅದನ್ನು ನಂಬುವವರು ಯಾರೂ ಇರಲಿಲ್ಲ. ಸುಮ್ಮನಿರು ಎನ್ನುವವರೂ ಇರಲಿಲ್ಲ. ಅವನ ಲೆಕ್ಕದಲ್ಲಿ ಮದ್ರಾಸಿನ ವೆಸ್ಟ್ ಮಾಂಬಲಂನ ಆ ಓಣಿಗೆ ಆಗಲೇ ಎರಡು ಸಾವಿರ ಜನ ಬಂದು ಹೋಗಿದ್ದರು. ಮೆಟ್ಟಿಲ ಬುಡದ ಚಪ್ಪಲಿ ಮಾತ್ರ ನಲವತ್ತು ಜೋಡಿ ದಾಟಿರಲಿಲ್ಲ. 2003ರ ಮೇ ತಿಂಗಳು. ಬೆಳಗಿನ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟುತ್ತಿತ್ತು.

ಮೇಲಿನ ಹಾಲಿನಲ್ಲಿ ಹರಿದಾಸ ಗೋಪಿಚಂದನ ಹಚ್ಚಿಸಿಕೊಂಡು, ಹೊಸ ಪಂಚೆ ಹೊದ್ದು ಮಲಗಿದ್ದ. ಇನ್ಶೂರೆನ್ಸ್ ಆಫೀಸಿನ ಗುಮಾಸ್ತ. ಇಪ್ಪತ್ತೆರಡು ವರ್ಷ, ಸಂಜೆ ಸಂಜೆ, ಟೆರೇಸಿನ ಮೇಲೆ ಮಕ್ಕಳಿಗೆ ಕರಾಟೆ ಕಲಿಸಿದವನು. ನಿನ್ನೆ ವಾರ್ಷಿಕ ಪ್ರದರ್ಶನದ ವೇದಿಕೆಯ ಮೇಲೇ ಕುಸಿದಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

"ಭೋಜು ಮಾಮಾ, ಅಮ್ಮ ಕೂಗ್ತಿದಾಳೆ," ಎಂದಳು ಬಾಲ್ಕನಿಯಿಂದ ಮಗಳು ಹರಿಪ್ರಿಯಾ.

ಜಯಲಕ್ಷ್ಮೀ ಗಂಡನ ತಲೆಯ ಹತ್ತಿರ ಕುಳಿತಿದ್ದಳು. ಮಡಿಲಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಅದರಿಂದ ಅವಳು ಎಳೆದದ್ದು ಎದೆಯ ಮೇಲೆ ಕತ್ತರಿಯಾಡಿಸಿದ್ದ ಕರಾಟೆ ಡ್ರೆಸ್ಸು. ಒದ್ದೆ ಕಂಬಳಿಯಷ್ಟು ಭಾರದ ಬಿಳಿ ಕ್ಯಾನ್ವಾಸು.

"ಇವರು ಹೆವಿ ಡ್ರೆಸ್ ಮುಟ್ಟಿದೋರೇ ಅಲ್ಲ. ಈ ಊರಿನ ಸೆಕೆಗೆ ಲೈಟ್ ಡ್ರೆಸ್ಸೇ ಸರಿ, ಕ್ಯಾನ್ವಾಸ್ ಹಾಕೋನಿಗೆ ಬುದ್ಧಿ ಇಲ್ಲ ಅಂತ ಮಕ್ಕಳಿಗೆಲ್ಲ ಹೇಳ್ತಿದ್ರು. ಡಾಕ್ಟರು ಎದೆ ಜೋಪಾನ ಅಂದ್ಮೇಲಂತೂ ಬನಿಯನ್ನೂ ತೆಳ್ಳಗಿರೋದೇ ಬೇಕು. ಇದನ್ನ ಯಾರು ಹಾಕ್ಸಿದ್ರು?"

ಎಲ್ಲರ ಕಣ್ಣೂ ಮುರಳೀಧರನ ಕಡೆ ಹೊರಳಿದವು. ಹರಿದಾಸನ ಹಳೆಯ ಶಿಷ್ಯ. ಈಗ ಸ್ಟೇಷನ್ ಹತ್ತಿರ ಸ್ಪೋರ್ಟ್ಸ್ ಸಾಮಾನಿನ ಅಂಗಡಿ ಇಟ್ಟವನು.

"ಮತ್ಯಾರು, ಇವನೇ!" ಎಂದ ಭೋಜರಾಜ. ತನ್ನ ಅವಸರಕ್ಕೆ ತಾನೇ ಬೆಚ್ಚಿದ. "ಮಾಸ್ಟರ್ ಮೈಮೇಲೆ ಕಂಡ್ರೆ ಇಡೀ ಮದ್ರಾಸು ಹೆವಿ ಡ್ರೆಸ್ಸೇ ಕೇಳತ್ತೆ, ಸೌಕಾರ್‌ಪೇಟೆ ಹೋಲ್‌ಸೇಲ್ ಗೋಡೌನೆಲ್ಲ ಖಾಲಿ ಆಗತ್ತೆ ಅಂತ ಪ್ಲಾನು!"

"ದೇವರಾಣೆ ಮಾಮಾ, ಮಾಸ್ಟರ್‌ಗೆ ನಾನು ಒಂದು ಹೆವಿನೂ ಮಾರಿಲ್ಲ."

"ಪೊಯ್ ಸೊಲ್ಲಾದೇ ಮುರಳಿ!" ಸಿಟ್ಟು ಬಂದರೆ ಹರಿಪ್ರಿಯಾ ತಮಿಳಿಗೆ ಇಳಿಯುತ್ತಿದ್ದಳು. "ಸುಳ್ಳು ಬೇಡ. ನಿನ್ನ ಅಂಗಡಿ ಬಿಟ್ರೆ ಇಲ್ಲಿ ಯಾರ ಹತ್ರ ಸಿಗತ್ತೆ ಇದು? ಅಮ್ಮಾ, ಇವನು ಅಪ್ಪನಿಗೆ ಹೆಗಲು ಕೊಡೋದು ಬೇಡ."

ಮುರಳಿ ಬಾಗಿಲ ಕಡೆ ಸರಿದು ನಿಂತ. ಭೋಜರಾಜ ಕಿಟಕಿಯ ಕಡೆ ತಿರುಗಿಕೊಂಡ.

*

ಕಳೆದ ಭಾನುವಾರ ಟೆರೇಸಿನ ಮೇಲೆ ಹರಿದಾಸ ನೋಟೀಸು ಓದುತ್ತಿದ್ದ. ಬರೆದವನು, ತಾನೂ ಬ್ಲ್ಯಾಕ್ ಬೆಲ್ಟ್ ಎಂದು ಹೇಳಿಕೊಳ್ಳುತ್ತಿದ್ದ ಭೋಜರಾಜ. 'ಮಾಸ್ಟರ್ ಗುದ್ದಿನ ಸದ್ದು ಮಾಂಬಲಂ ಸ್ಟೇಷನ್ನಿಗೆ ಕೇಳುತ್ತದೆ. ಬನ್ನಿ, ಪರೀಕ್ಷಿಸಿ!'

ಹರಿದಾಸ ನಕ್ಕು, ಒಗೆದು ಒಗೆದು ಸೊಳ್ಳೆಪರದೆಯಂತಾಗಿದ್ದ ತನ್ನ ಡ್ರೆಸ್ಸಿನ ತೋಳು ಎಳೆದು ತೋರಿಸಿದ. "ಇದು ಸದ್ದು ಮಾಡತ್ತೇನೋ ಭೋಜಾ? ಸದ್ದು ಬರೋದು ಹೆವಿ ತೋಳಿಂದ. ಕೈ ಗಕ್ಕನೆ ನಿಂತಾಗ ಕ್ಯಾನ್ವಾಸು ಪಟ್ ಅನ್ನತ್ತೆ. ಜನ ಕೈಯ ಬಲ ಅಂದ್ಕೋತಾರೆ."

"ಹಾಗಾದ್ರೆ ಹೆವಿ ಹಾಕ್ಕೋ."

"ಬೆಂದು ಹೋಗ್ತೀನಿ ಕಣೋ. ಎದೆ ಬೇರೆ ಸರಿಯಿಲ್ಲ."

"ಐದು ನಿಮಿಷ ತಾನೆ? ಮನೆಮನೆಗೂ ನೋಟೀಸು ಹಂಚಿಬಿಟ್ಟಿದ್ದೀನಿ. ನನ್ನ ಮಾನ ಹೋಗತ್ತೆ."

ಹರಿದಾಸ ನೋಟೀಸನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿದ. "ಕೊಡು ನಿನ್ನ ಹೆವಿ ಡ್ರೆಸ್ಸು. ಜಯಾಗೆ ಹೇಳ್ಬೇಡ," ಎಂದ.

*

ಜಯಲಕ್ಷ್ಮೀ ಜಗಳವನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಬೆರಳುಗಳು ಪ್ಯಾಂಟಿನ ಅಂಚಿನಲ್ಲಿ ಓಡಾಡುತ್ತಿದ್ದವು.

"ಇದು ಇವರ ಕೈಹೊಲಿಗೆ. ಮನೇಲಿ ನನ್ನ ಮಿಷನ್ ಇದೆ, ಆದ್ರೂ ಬಚ್ಚಿಟ್ಕೊಂಡು ಕೈಲಿ ಹೊಲಿದಿದ್ದಾರೆ." ದಾರವನ್ನು ಹಲ್ಲಿನಿಂದ ಕಡಿದು ಎಳೆದಳು. ಒಳಗೆ ಮಡಿಸಿದ್ದ ಬಟ್ಟೆ ಒಂದು ಗೇಣು ಕೆಳಗಿಳಿಯಿತು. "ಮುರಳಿ, ಇಷ್ಟುದ್ದದ್ದು ಯಾರಿಗೆ ಮಾರಿದ್ದಪ್ಪ?"

ಮುರಳಿ ಹೇಳುವ ಅಗತ್ಯವೇ ಇರಲಿಲ್ಲ. ಬಾಗಿಲಿನ ತೋರಣಕ್ಕೆ ತಲೆ ತಗುಲುವಂಥ ಆಳು ಆ ಹಾಲಿನಲ್ಲಿ ಒಬ್ಬನೇ ಇದ್ದ.

"ಅದು... ಜಪಾನಿಂದ ಒಬ್ಬ ದೊಡ್ಡ ಮಾಸ್ಟರು ವಿಮಾನದಲ್ಲಿ ಕಳಿಸಿ..."

"ಭೋಜಣ್ಣ." ಜಯಲಕ್ಷ್ಮೀ ಅಷ್ಟೇ ಅಂದಳು.

ಜಪಾನಿನ ವಿಮಾನ ಅರ್ಧ ದಾರಿಯಲ್ಲೇ ಬಿತ್ತು.

"ನಂದೇ, ಜಯಮ್ಮ. ಮುರಳಿ ಅಂಗಡಿಯದೇ. ಐದು ವರ್ಷದ ಹಿಂದೆ ಕೊಂಡಿದ್ದು. ನೋಟೀಸು ಬರೆದೋನು ನಾನು, ಹಾಕ್ಕೋ ಅಂದೋನೂ ನಾನೇ. ಇವನಿಗೆ ಏನೂ ಗೊತ್ತಿಲ್ಲ."

"ಅವರ ಎದೆ ವಿಷಯ ನಿಮಗೆ ಗೊತ್ತಿತ್ತಾ?"

ಭೋಜರಾಜ ಹರಿದಾಸನ ಕಾಲ ಹತ್ತಿರ ಕುಳಿತ.

"ಗೊತ್ತಿತ್ತು."

ಜಯಲಕ್ಷ್ಮೀ ಡ್ರೆಸ್ಸನ್ನು ಮಡಿಸಿ ಪಕ್ಕಕ್ಕಿಟ್ಟಳು. ಹರಿಪ್ರಿಯಾ ಮುರಳಿಯ ಮುಖ ನೋಡಲಾರದೆ, "ನೀನು ಮುಂದೆ ಹಿಡಿ," ಎಂದಳು. ಕ್ರಿಯೆ ಮಾಡಿಸಲು ಬಂದಿದ್ದ ಆಚಾರ್ಯರು ಹೊತ್ತಾಯಿತೆಂದು ಅವಸರಪಡಿಸಿದರು. ಗುಂಪಿನ ಹಿಂದೆ ಕರಗಿಹೋಗಲು ನೋಡುತ್ತಿದ್ದ ಭೋಜರಾಜನಿಗೆ ಜಯಲಕ್ಷ್ಮೀಯ ಮಾತು ಬೆನ್ನ ಮೇಲೆ ಬಿತ್ತು.

"ಎಲ್ಲಿಗೆ? ನೀವೂ ಹೊರಿ."

ಓಣಿಯಲ್ಲಿ ಚಟ್ಟ ಎತ್ತಿದಾಗ ಎತ್ತರದ ಭೋಜರಾಜನ ಮೂಲೆ ಮೇಲೆದ್ದು ಹರಿದಾಸ ಒಂದು ಮಗ್ಗುಲಿಗೆ ಜಾರತೊಡಗಿದ.

"ಮಾಮಾ, ಮಂಡಿ ಬಗ್ಗಿಸಿ," ಎಂದ ಮುರಳಿ, ಮುಂದಿನಿಂದ. "ಇನ್ನೂ... ಕರಾಟೇಲಿ ನಿಲ್ತೀರಲ್ಲ, ಹಾಗೆ. ಬ್ಲ್ಯಾಕ್ ಬೆಲ್ಟ್ ಅಂತಿದ್ರಲ್ಲ ನೀವು."

"ಇಲ್ಲ ಮುರಳಿ. ನಾನು ಒಂದು ದಿನಾನೂ ಕಲ್ತಿಲ್ಲ."

ಚಟ್ಟ ಸಮಕ್ಕೆ ಬಂತು. ವ್ಯಾನು ಓಣಿಯ ತುದಿಯಲ್ಲಿತ್ತು. ಅಲ್ಲಿಯವರೆಗೂ ಭೋಜರಾಜ ಮಂಡಿ ಬಗ್ಗಿಸಿಕೊಂಡೇ ನಡೆದ.