ನೀಲಿ ಹೆಬ್ಬೆಟ್ಟು

ಶಾಯಿ ಮೆತ್ತಿದ ಯಮನೂರಮ್ಮನ ಹೆಬ್ಬೆಟ್ಟನ್ನು ಆ ಅಪರಿಚಿತ ಕಾಗದದ ಕಡೆ ಎಳೆಯುತ್ತಿದ್ದಂತೆ ಆಕೆ ಕೈ ಕಿತ್ತುಕೊಂಡಳು.

"ಯಾಕವ್ವಾ, ಶಾಯಿ ಕಡಿತೈತೇನು?" ಅವನು ನಕ್ಕ. ಸಿಂಧನೂರಿನ ಬ್ಯಾಂಕಿನವನೆಂದು ಹೇಳಿಕೊಂಡು ಆಕೆಯ ಮನೆಯ ಕಟ್ಟೆಯ ಮೇಲೆ ಬಂದು ಕೂತು ಅರ್ಧ ತಾಸಾಗಿತ್ತು. "ಹೆಬ್ಬೆಟ್ಟಿನೋರ ಗುರುತೆಲ್ಲ ತಾಳೆ ನೋಡಾಕತ್ತೀವಿ. ಒತ್ತಲಿಲ್ಲಂದ್ರ ಇವತ್ತ ಖಾತೆ ಬಂದ್ ಆಗ್ತೈತಿ. ಪಾಸ್‌ಬುಕ್ಕೂ ಕೊಡು."

ಆ ಖಾತೆಯಲ್ಲಿ ಆಕೆಯ ಹನ್ನೊಂದು ವರ್ಷದ ನಾಟಿ ಕೂಲಿ ಇತ್ತು. ಹೆದರಿಯೇ ಕೈ ಚಾಚಿದ್ದಳು. ಆದರೆ ಶಾಯಿ ತಣ್ಣಗೆ ತಾಗಿದ ಕೂಡಲೇ ಅತ್ತೆ ಹುಸೇನಮ್ಮ ಕಣ್ಣೆದುರು ಬಂದಳು. ಅತ್ತೆಯ ಉಸಿರು ನಿಂತ ಮಧ್ಯಾಹ್ನ ಮೈದುನ ವೆಂಕೋಬ ಹೆಣದ ಹೆಬ್ಬೆಟ್ಟು ಹಿಡಿದು ಹೀಗೇ ಖಾಲಿ ಕಾಗದಕ್ಕೆ ಒತ್ತಿದ್ದ. ಆ ಕಾಗದ ಮುಂದೆ ವೆಂಕೋಬನ ಹೆಸರಿನ ಪತ್ರವಾಗಿ ಇವಳ ಪಾಲಿನ ಹೊಲವನ್ನೇ ನುಂಗಿತ್ತು. ಹೆಣಕ್ಕೆ ನೀರೆರೆಯುವಾಗ ಯಮನೂರಮ್ಮ ಎಷ್ಟು ತಿಕ್ಕಿದರೂ ಬೆರಳಿನ ನೀಲಿ ಹೋಗಿರಲಿಲ್ಲ. ಈಗಲೂ ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಹಿಟ್ಟಿನ ಮೇಲೆ ಆ ಬೆರಳು ಮೂಡಿದಂತಾಗಿ ಆಕೆ ಬೆಚ್ಚುತ್ತಿದ್ದಳು.

ಬಗ್ಗಿ ನೋಡಿದಳು. ಇವನ ಕಾಗದದಲ್ಲೂ ಅಚ್ಚಿನ ಗೆರೆಗಳನ್ನು ಬಿಟ್ಟರೆ ಏನೂ ಇರಲಿಲ್ಲ.

"ಬ್ಯಾಂಕಿನಾಗ ಮದ್ಲು ಪೋಟೋ ನೋಡ್ತಾರ, ಆಮ್ಯಾಲೆ ನನ್ನ ಮಾರಿ ನೋಡ್ತಾರ, ಆಗ ಒತ್ತಿಸ್ಕೋತಾರ. ನೀ ಬಂದಾಗಿಂದ ಬೆರಳ ನೋಡಾಕತ್ತಿ. ನಾಳೆ ನಾನ ಅಲ್ಲಿಗಿ ಹೋಗ್ತೀನಿ."

"ಬಸ್ಸಿನಾಗ ಯಾಕ ಒದ್ದಾಡ್ತಿ ಯವ್ವಾ? ಇಲ್ಲೇ ಮುಗಿಸಿಕೊಡ್ತೀನಿ. ಒಂದ ಸಲ ಒತ್ತು."

ಯಮನೂರಮ್ಮ ನೀಲಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನಾ ಇನ್ನೂ ಸತ್ತಿಲ್ಲ. ಒತ್ತಂಗಿಲ್ಲ."