ಅತ್ತೆಯ ಕಂಚಿನ ಮೂಗು

ಕಂಡದ್ದನ್ನೆಲ್ಲ ಮೂಲೆ ಮೂಲೆಯಾಗಿ ಕತ್ತರಿಸಿ ಬರೆಯುವ ಕ್ಯೂಬಿಸಂ ಎಂಬ ಹೊಸ ಗಾಳಿ ಆಗಷ್ಟೇ ಬೀಸತೊಡಗಿತ್ತು. ಚಿತ್ರಗಾರನಿಗೂ ಅದು ತಗುಲಿತು. ಅವನು ಕುರ್ಚಿ ಬರೆದರೆ ಸೌದೆಯ ರಾಶಿಯಂತೆ ಕಾಣುತ್ತಿತ್ತು. ಒಂದು ದಿನ ಕುಂಚ ಕೆಳಗಿಟ್ಟು, ಕೈಯಲ್ಲಿ ಮುಟ್ಟುವಂಥದ್ದೇನಾದರೂ ಮಾಡಬೇಕೆಂದು ಜೇಡಿಮಣ್ಣು ತಂದ.

ಎದುರಿಗೆ ಕೂರಲು ಹೆಂಡತಿ ಒಪ್ಪಲಿಲ್ಲ. "ಚಿತ್ರದಲ್ಲಿ ನನ್ನ ಎರಡೂ ಕಣ್ಣು ಒಂದೇ ಕಡೆ ಹಾಕಿದ್ದು ಸಾಕು," ಎಂದಳು. ಒಪ್ಪಿದವರು ಅವಳ ತಾಯಿ, ಚಿತ್ರಗಾರನ ಅತ್ತೆ. ಹನ್ನೊಂದು ದಿನ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತರು. ಕೂತಷ್ಟು ಹೊತ್ತೂ ಮಾತು.

"ಒಂದು ಗಳಿಗೆ ಸುಮ್ನಿರಿ ಅತ್ತೆ, ಗಲ್ಲ ಅಲ್ಲಾಡತ್ತೆ."

"ನೀವು ಮಾಡ್ತಿರೋ ಗಲ್ಲಕ್ಕೂ ನನ್ನ ಗಲ್ಲಕ್ಕೂ ಏನು ಸಂಬಂಧ ಅಳಿಯಂದ್ರೇ? ಅಲ್ಲಾಡ್ಲಿ ಬಿಡಿ!"

ಕೊನೆಗೂ ತಲೆ ಮುಗಿಯಿತು. ಕೆನ್ನೆ ಎರಡು ಇಳಿಜಾರು, ಹಣೆ ಮೆಟ್ಟಿಲು, ಮೂಗು ಕೊಡಲಿಯ ಅಲಗು. ಅತ್ತೆ ಅದರ ಸುತ್ತ ಒಂದು ಸಲ ಬಂದು ನೋಡಿ, ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಒದ್ದೆ ಬಟ್ಟೆ ಸುತ್ತಿದ ತಲೆಯನ್ನು ಕಂಚಿನಲ್ಲಿ ಹೊಯ್ಯಲೆಂದು ಎರಕದವನೊಬ್ಬ ತನ್ನ ಗಾಡಿಯಲ್ಲೇ ಕಾರ್ಖಾನೆಗೆ ಸಾಗಿಸಿದ. ಗಂಟೆ, ನಲ್ಲಿ, ಪಂಪಿನ ಚಕ್ರ ಎರಕ ಹೊಯ್ದು ಪಳಗಿದ ಕೈ ಅವನದು. ಬಟ್ಟೆ ಬಿಚ್ಚಿದವನೇ ಎದೆ ಬಡಿದುಕೊಂಡ. ಗಾಡಿಯ ಕುಲುಕಾಟಕ್ಕೆ ಮುಖವೆಲ್ಲ ಜಜ್ಜಿಹೋಗಿದೆ ಎಂದೇ ತಿಳಿದ. ಎರಡು ದಿನ ಬಾಗಿಲು ಹಾಕಿಕೊಂಡು ಕೆನ್ನೆ ಉಬ್ಬಿಸಿದ, ಹಣೆ ನಯ ಮಾಡಿದ, ಮೂಗು ದುಂಡಗೆ ತಿದ್ದಿದ. ಅಸಲಿ ಮುಖ ನೋಡಿರಲಿಲ್ಲವಾದ್ದರಿಂದ ತನ್ನ ಹೆಂಡತಿಯ ಮುಖ ನೆನೆಸಿಕೊಂಡ. ಆಮೇಲೆ ಅಚ್ಚು ತೆಗೆದು ಕಂಚು ಹೊಯ್ದ.

ಚಿತ್ರಗಾರ ಅತ್ತೆಯನ್ನು ಕರೆದುಕೊಂಡು ನೋಡಲು ಬಂದ; ತಲೆ ಇವರದೇ ಎಂದು ಎರಕದವನಿಗೆ ಪರಿಚಯಿಸಿದ. ಬೆಂಚಿನ ಮೇಲೆ ಗುಂಡು ಕೆನ್ನೆಯ ಹೆಂಗಸೊಬ್ಬಳು ಥಳಥಳ ಹೊಳೆಯುತ್ತಿದ್ದಳು. ಚಿತ್ರಗಾರ ಬಗ್ಗಿ ಬೆಂಚಿನ ಕೆಳಗೆ ಹುಡುಕಿದ.

"ಯಾರಪ್ಪಾ ಇದು?" ಎಂದರು ಅತ್ತೆ.

"ನೀವೇ ತಾಯಿ," ಎಂದ ಎರಕದವನು. "ದಾರೀಲಿ ಸ್ವಲ್ಪ ಪೆಟ್ಟಾಗಿತ್ತು. ಗೊತ್ತಾಗದ ಹಾಗೆ ಸರಿ ಮಾಡಿದೀನಿ."

"ಪೆಟ್ಟಾ? ಹನ್ನೊಂದು ದಿನ ಸೊಂಟ ನೋಯಿಸ್ಕೊಂಡಿದ್ದು ಈ ಬದನೆಕಾಯಿ ಮೂಗಿಗಾ? ನನ್ನ ಮೂಗು ಕಂಡ್ರೆ ಮನೆಮಂದಿಯೆಲ್ಲ ಹೆದರ್ತಿದ್ರು. ಅಳಿಯಂದ್ರು ಅದನ್ನ ಸರಿಯಾಗಿ ಹಿಡಿದಿದ್ರು. ಇವಳಿಗೆ ಯಾರು ಹೆದರ್ತಾರೆ?"

"ಅದು ನನ್ನ ಹೆಂಡ್ತಿ ಮುಖ ತಾಯಿ," ಎಂದ ಅವನು ಮೆಲ್ಲಗೆ.

"ಹಾಗಾದ್ರೆ ಮನೆಗೆ ತಗೊಂಡು ಹೋಗು. ಖುಷಿ ಪಡ್ತಾಳೆ."

ಮದುವೆಯಾದ ಹದಿನೈದು ವರ್ಷಗಳಲ್ಲಿ ಅತ್ತೆ ಅಳಿಯನ ಕೆಲಸವನ್ನು ಮೆಚ್ಚಿದ್ದು ಅದೇ ಮೊದಲು. ಎರಕದವನಿಗೆ ಬೈಯಬೇಕೆಂದಿದ್ದ ಚಿತ್ರಗಾರನಿಗೆ ಒಂದು ಬೈಗುಳವೂ ನೆನಪಾಗಲಿಲ್ಲ.

ಮರುದಿನದಿಂದ ಅತ್ತೆ ಕಾರ್ಖಾನೆಯಲ್ಲೇ ಕೂತರು. ಕುಲುಮೆಯ ಸೆಕೆಯಲ್ಲಿ ಬೆವರುತ್ತ ಚಿತ್ರಗಾರ ಮತ್ತೆ ಮಣ್ಣು ಮೆತ್ತಿದ. ಎರಕದವನು ಪಕ್ಕದಲ್ಲಿ ನಿಂತು, "ಮೂಗು ಇನ್ನೊಂಚೂರು ಚೂಪು ಬೇಕಾ?" ಎಂದು ಚಿತ್ರಗಾರನನ್ನು ಬಿಟ್ಟು ಅತ್ತೆಯನ್ನೇ ಕೇಳುತ್ತಿದ್ದ. ಈ ಸಲ ಕಂಚು ಹೊಯ್ದಾಗ ಒಂದು ಅಂಚೂ ಮಾಸಲಿಲ್ಲ.

ಪ್ರದರ್ಶನಕ್ಕೆ ಅತ್ತೆ ಎಲ್ಲರಿಗಿಂತ ಮೊದಲೇ ಹೋದರು. ತಮ್ಮ ತಲೆಯ ಪಕ್ಕದಲ್ಲಿ ನಿಂತು, ದೂರದಿಂದ ತಲೆ ಕೆರೆದುಕೊಳ್ಳುತ್ತಿದ್ದ ಜನರನ್ನು ದಬಾಯಿಸಿದರು: "ಒಂದೇ ಕಡೆ ನಿಂತು ನೋಡಿದ್ರೆ ಏನು ಗೊತ್ತಾಗತ್ತೆ? ಸುತ್ತ ಬನ್ನಿ!"

ಜನ ತೆಪ್ಪಗೆ ಸುತ್ತ ಬಂದರು. ಆ ದಿನ ಚಿತ್ರಗಾರ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.