ಪಾಸ್ ಇಲ್ಲದೆ ಬಂದ ಯಮ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ಆಸ್ಪತ್ರೆಯ ಬಾಗಿಲಿಗೆ ಯಮ ಬಂದ’ ಎಂದು ಮೊದಲ ಸಾಲು ಬರೆದೆ. ಯಾರೋ ಸತ್ತರು ಎಂದುಕೊಂಡಿರಿ. ಹೊಡೆದುಹಾಕಿದೆ. (ಸಾಲನ್ನು. ಜನರನ್ನಲ್ಲ.)

ಮತ್ತೆ ಶುರು. ನಾನು ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುವವನು. ಪುರಾಣದ ಯಮನನ್ನು ಈ ಕಾಲದ ಸೂಪರ್‌ಹೀರೋ ಮಾಡಿ ಎಂದರು ನಿರ್ಮಾಪಕರು. ಮಾಡಿದೆ. ಕೋಣದ ಬದಲು ಕೊಂಬಿರುವ ಬೈಕು. ಕಿರೀಟದ ಕೆಳಗೆ ಕೂಲಿಂಗ್ ಗ್ಲಾಸು, ಮೈಮೇಲೆ ಲೆದರ್ ಜಾಕೆಟ್ಟು. ಚಿತ್ರಗುಪ್ತ ಹೆಡ್‌ಫೋನ್ ಸಿಕ್ಕಿಸಿಕೊಂಡ ಹ್ಯಾಕರ್. ಹೀರೋ ಅಂದಮೇಲೆ ಬಾಲ್ಯದ ನೋವು ಬೇಕೇ ಬೇಕಂತೆ. ಅದೂ ಸಿಕ್ಕಿತು: ಅಪ್ಪ ಸೂರ್ಯ, ಹಗಲೆಲ್ಲ ಡ್ಯೂಟಿ, ಮಗನ ಜೊತೆ ಆಡಲೆಂದು ಒಂದು ದಿನವೂ ರಜೆ ಹಾಕಿದವನಲ್ಲ.

ಯಮನ ಪಾತ್ರ ಮಾಡುವವರನ್ನು ಎಲ್ಲರೂ ಯಮಣ್ಣ ಎನ್ನುತ್ತಾರೆ. ಎತ್ತರದ ಆಳು, ಗುಡುಗಿನಂಥ ದನಿ. ಜಿರಲೆ ಕಂಡರೆ ಕುರ್ಚಿ ಹತ್ತುತ್ತಾರೆ. (ಇದನ್ನು ತೆಗೆದುಬಿಡಿ ಎಂದು ಕೇಳಿಕೊಂಡಿದ್ದಾರೆ. ತೆಗೆಯುವುದಿಲ್ಲ.) ಅವರ ಹೆಂಡತಿಯೇ ನಮ್ಮ ಟೈಲರಮ್ಮ, ವೇಷಗಳನ್ನೆಲ್ಲ ಹೊಲಿಯುವವರು. ಟೈಲರಮ್ಮನ ತಾಯಿಗೆ ಅಳಿಯನನ್ನು ಕಂಡರಾಗದು. ಮಗಳನ್ನು ಬಣ್ಣ ಹಚ್ಚುವವನಿಗೆ ಕೊಟ್ಟೆನಲ್ಲ ಎಂಬ ಸಂಕಟ. ಎದುರಿಗೇ ಕೂತಿದ್ದರೂ “ಅವನಿಗೆ ಹೇಳು” ಎಂದು ಮಗಳ ಮೂಲಕವೇ ಮಾತು. ಧಾರಾವಾಹಿಯನ್ನು ಮಾತ್ರ ಒಂದು ಕಂತೂ ಬಿಡುತ್ತಿರಲಿಲ್ಲ.

೨

ಆ ಬೆಳಿಗ್ಗೆ ಬೈಕಿನ ದೃಶ್ಯದ ಶೂಟಿಂಗ್. ಅದೇ ದಿನ ಯಮಣ್ಣನ ಅತ್ತೆಗೆ ಹೃದಯದ ಆಪರೇಷನ್. ನಡುವೆ ಟೈಲರಮ್ಮನ ಫೋನ್ ಬಂತು.

“ಅಮ್ಮ ಥಿಯೇಟರಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ನಿಮ್ಮನ್ನ ಕರೀತಿದ್ದಾಳೆ. ಹೇಗಿದ್ದೀರೋ ಹಾಗೇ ಬನ್ನಿ.”

ಯಮಣ್ಣ ಹೇಗಿದ್ದರೋ ಹಾಗೇ ಹೊರಟರು. ನಾನೂ ಹಿಂದೆ ಓಡಿದೆ. ಆಸ್ಪತ್ರೆಯ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ.

“ಪಾಸ್ ಇದೆಯಾ?”

“ಒಳಗೆ ನಮ್ಮತ್ತೆ ಇದ್ದಾರಪ್ಪ.”

“ಯಾರಾದ್ರೂ ಇರ್ಲಿ ಸಾರ್. ಈ ವೇಷದಲ್ಲಿ ನಿಮ್ಮನ್ನ ಬಿಟ್ರೆ ಪೇಶೆಂಟ್‌ಗಳ ಗತಿ ಏನು?” ಅವನೂ ಧಾರಾವಾಹಿ ನೋಡುವವನೇ ಇರಬೇಕು, ಸ್ವಲ್ಪ ಮೆತ್ತಗಾದ. “ಹೋಗ್ಲಿ, ಆ ಹಗ್ಗನಾದ್ರೂ ಇಲ್ಲಿಟ್ಟು ಹೋಗಿ.”

ಯಮಪಾಶ ವಾಚ್‌ಮನ್ನನ ಮೇಜಿನ ಮೇಲೆ ಉಳಿಯಿತು. (ಇಲ್ಲಿ ನಾನು ಮೊದಲು ಒಂದು ಫೈಟ್ ಬರೆದಿದ್ದೆ. ಗಾಜು ಒಡೆಯುತ್ತಿತ್ತು. “ಆಸ್ಪತ್ರೇಲಿ ಯಾರು ಸಾರ್ ಫೈಟ್ ಮಾಡ್ತಾರೆ?” ಎಂದು ಯಮಣ್ಣ ಬೇಸರ ಮಾಡಿಕೊಂಡರು.)

೩

ವಾರ್ಡಿನಲ್ಲಿ ಒಬ್ಬರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಇನ್ನೊಬ್ಬರು ಸೆಲ್ಫಿ ಕೇಳಿದರು. ಮೂಲೆಯ ಮಂಚದಲ್ಲಿ ಅತ್ತೆ, ಆಸ್ಪತ್ರೆಯ ದೊಗಲೆ ಅಂಗಿಯೊಳಗೆ ಪುಟ್ಟದಾಗಿ ಕಾಣುತ್ತಿದ್ದರು. ಪಕ್ಕದಲ್ಲಿ ಟೈಲರಮ್ಮ.

“ಬಂದ್ಯಾ,” ಎಂದರು. ನೇರವಾಗಿ ಅಳಿಯನಿಗೇ.

“ಬಂದೆ ಅತ್ತೆ.”

“ಇವತ್ತು ನನ್ನ ಕರ್ಕೊಂಡು ಹೋಗಲ್ಲ ಅಂತ ಹೇಳು. ಆ ದನೀಲೇ ಹೇಳು. ಆಮೇಲೆ ಎಲ್ಲಿಗೆ ಬೇಕಾದ್ರೂ ತಳ್ಕೊಂಡು ಹೋಗ್ಲಿ.”

ಯಮಣ್ಣ ನನ್ನ ಕಡೆ ತಿರುಗಿದರು. “ಸಾರ್, ಒಂದು ಡೈಲಾಗ್ ಕೊಡಿ.”

ಕಿವಿಯಲ್ಲಿ ಉಸುರಿದೆ. ಅವರು ಎದೆ ಸೆಟೆಸಿ ನುಡಿದರು: “ಕಾಲನ ಕರೆಗೆ ನಿನ್ನ ಕಾಲವಿನ್ನೂ ಕೂಡಿಬಂದಿಲ್ಲ, ತಾಯಿ.”

ಅತ್ತೆ ತಲೆ ಅಡ್ಡ ಆಡಿಸಿದರು. “ಇದು ಟಿವಿದು. ಬರ್ಕೊಟ್ಟಿದ್ದು. ನೀನು ಹೇಳು.”

ಯಮಣ್ಣ ಕಿರೀಟ ತೆಗೆದರು. ಕೂಲಿಂಗ್ ಗ್ಲಾಸು ತೆಗೆದರು. ಮಂಚದ ಪಕ್ಕ ಬಗ್ಗಿದರು.

“ಅತ್ತೆ, ನಂಗೆ ಭಯ ಆಗ್ತಿದೆ.”

(ನಾನು ಬರೆದದ್ದಲ್ಲ. ಇಷ್ಟು ಸಣ್ಣ ಸಾಲು ನನಗೆ ಬರೆಯಲು ಬರುವುದಿಲ್ಲ.)

ಅತ್ತೆ ಅವರನ್ನೇ ನೋಡಿದರು. ಅಳಿಯನ ಕಣ್ಣಿಗೆ ಬಳಿದಿದ್ದ ಕಪ್ಪು ಕರಗಿ ಕೆನ್ನೆಗಿಳಿದಿತ್ತು. ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ಹೊದಿಕೆಯ ಅಂಚಿನಿಂದ ಒರೆಸಿದರು.

“ಇಷ್ಟು ದೊಡ್ಡ ಆಳು, ನೀನೇ ಹೀಗಾದ್ರೆ ಇವಳನ್ನ ಯಾರು ನೋಡ್ಕೋತಾರೆ? ಏನೂ ಆಗಲ್ಲ, ಸುಮ್ನಿರು. ಹೊಟ್ಟೆಗೇನಾದ್ರೂ ತಿಂದ್ಯಾ?”

“ಇಲ್ಲ.”

“ತಿನ್ನು ಹೋಗು.” ನರ್ಸ್ ಕಡೆ ತಿರುಗಿದರು. “ನಡಿಯಮ್ಮ, ಹೋಗೋಣ.”

ಗಾಲಿಮಂಚ ಹೊರಟಿತು.

೪

ಇನ್ನು ಕೊನೆ. ಒಂದು: ಆಪರೇಷನ್ ಯಶಸ್ವಿ, ಎಲ್ಲರೂ ನಗುತ್ತಿರುವಾಗ ಫ್ರೀಜ್. ಎರಡು: ನಿಜವಾದ ಯಮ ಕೋಣದ ಮೇಲೆ ಬರುತ್ತಾನೆ, ಪಾಸ್ ಇಲ್ಲದ್ದಕ್ಕೆ ಗೊಣಗುತ್ತ ವಾಪಸು ಹೋಗುತ್ತಾನೆ. ಮೂರನೆಯದೂ ಒಂದಿತ್ತು. ಅದನ್ನು ಯೋಚಿಸುತ್ತಿದ್ದಾಗ ಟೈಲರಮ್ಮ ನನ್ನ ಮುಖ ನೋಡಿದರು.

“ಬೇಡ ಸಾರ್. ಅಮ್ಮ ಒಳಗಿದ್ದಾಳೆ. ಪೆನ್ನು ಜೇಬಲ್ಲಿಡಿ.”

“ಓದುಗರು ಕೇಳ್ತಾರಲ್ಲಮ್ಮ.”

“ಅವರೂ ಬಂದು ನಮ್ಮ ಜೊತೆ ಕೂತ್ಕೊಳ್ಲಿ.”

ಪೆನ್ನು ಜೇಬಿನಲ್ಲಿದೆ. (ಹಾಗಾದರೆ ಇದನ್ನು ಬರೆಯುತ್ತಿರುವವರು ಯಾರು ಎಂದು ಕೇಳಬೇಡಿ.) ಕ್ಯಾಂಟೀನಿನ ಬ್ರೆಡ್ಡು ತಿಂದು ಬಂದ ಯಮಣ್ಣ ಬೆಂಚಿನ ಮೇಲೆ, ನನ್ನ ಬಲಭುಜಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಾರೆ. ನಾನು ಬರೆಯುವ ಕೈ ಅದೇ.

ಥಿಯೇಟರಿನ ಬಾಗಿಲ ಹಿಡಿ ತಿರುಗುತ್ತಿದೆ. ಟೈಲರಮ್ಮ ಎದ್ದು ನಿಂತರು. ನೀವು ಅವರ ಪಕ್ಕ ಹೋಗಿ ನಿಂತುಕೊಳ್ಳಿ. ಅಷ್ಟರಲ್ಲಿ ನಾನು ಇವರನ್ನು ಎಬ್ಬಿಸುತ್ತೇನೆ.